ಪೂಜೆ ಮುಗಿದ ಮೇಲೆ ಒಂದು ಗಂಟೆ ಪೇಪರ್ ಓದೋದು ಹೇಗೆ?

ಭಾನುವಾರ ಚರ್ಚ್ ಅಂಗಳದಲ್ಲಿ ಜನ ಮಾತಾಡೋದು ಏನು ಹೇಳಿ? ಅಡಿಕೆ ರೇಟು, ಎಲೆಚುಕ್ಕೆ ರೋಗ, ಪಶ್ಚಿಮ ಘಟ್ಟ ಉಳಿಸೋ ಬಗ್ಗೆ ಬಂದ ಕಸ್ತೂರಿರಂಗನ್ ವರದಿ, ವಾಟ್ಸಾಪಿನಲ್ಲಿ ಬಂದ ವಿಡಿಯೋ. ಒಳಗೆ ಕೇಳಿದ ಪ್ರಸಂಗಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅನ್ನೋ ಹಾಗೆ! ಎರಡನ್ನೂ ಸೇರಿಸಲು ದೊಡ್ಡ ಸೆಮಿನಾರ್ ಬೇಡ. ಎಂಟು ಹತ್ತು ಜನ ಕೂತು ಪೇಪರ್ ಓದಿ ಮಾತಾಡಿದರೆ ಆಯ್ತು, ಒಂದು ಗಂಟೆ, ಒಂದೇ ವಿಷಯ ಸಾಕು. ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಎಲ್ಲಾದರೂ ಸರಿ. ಕಥೋಲಿಕರು, ಸಿಎಸ್‌ಐನವರು (ದಕ್ಷಿಣ ಭಾರತ ಸಭೆಯ ಪ್ರೊಟೆಸ್ಟಂಟರು) ಒಟ್ಟಿಗೆ ಕೂತರೆ ಇನ್ನೂ ಒಳ್ಳೆಯದು.

ಒಂದು ನಿಯಮ ಮಾತ್ರ ಬಿಡಬೇಡಿ: ಬೈಬಲ್ ತೆಗೆಯೋದು ಕೊನೆಗೆ. ಮೊದಲೇ ತೆಗೆದರೆ ಎಲ್ಲರೂ ತಮಗೆ ಬೇಕಾದ ವಾಕ್ಯವನ್ನೇ ಹುಡುಕುತ್ತಾರೆ. ಊರಿಗೆ ಒಂದು ದೊಡ್ಡ ಯೋಜನೆ ಬರುತ್ತದೆ ಅನ್ನಿ, ಅದು ಬೇಕು ಅನ್ನುವವರಿಗೆ ಆದಿಕಾಂಡ 1:28 ಸಿಗುತ್ತದೆ, ಭೂಮಿಯನ್ನು ವಶಮಾಡಿಕೊಳ್ಳಿ ಅಂತ. ಬೇಡ ಅನ್ನುವವರಿಗೆ 2:15, ತೋಟವನ್ನು ಕಾಯಬೇಕು ಅಂತ. ಅಲ್ಲಿಗೆ ಮುಗೀತು ಕಥೆ.

ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಯನ್ನೇ ತಗೊಳ್ಳಿ. ಮೊದಲ ಕಾಲು ಗಂಟೆ ಬರೀ ವಿಷಯ ತಿಳಿಯೋದಕ್ಕೆ. ಕರೆಂಟ್ ಜಾಸ್ತಿ ಇರುವ ಹೊತ್ತಿನಲ್ಲಿ ಗೇರುಸೊಪ್ಪೆ ಜಲಾಶಯದ ನೀರನ್ನು ಮೇಲಿನ ತಲಕಳಲೆಗೆ ಎತ್ತುವುದು, ಬೇಡಿಕೆ ಏರಿದಾಗ ಅದನ್ನೇ ಕೆಳಗೆ ಬಿಟ್ಟು 2000 ಮೆಗಾವಾಟ್ ವಿದ್ಯುತ್ ತೆಗೆಯುವುದು, ಇದು ಲೆಕ್ಕ. ಎತ್ತಲು ಹೋಗುವ ಕರೆಂಟು ಸಿಗುವುದಕ್ಕಿಂತ ಜಾಸ್ತಿ. ಆದರೆ ಹಗಲಿನ ಸೋಲಾರ್ ವಿದ್ಯುತ್ತನ್ನು ಸಂಜೆಗೆ ಕೂಡಿಡಲು ಇದೂ ಒಂದು ದಾರಿ. ಇನ್ನೊಂದು ಕಡೆ, ಆ ಜಾಗ ಸಿಂಗಳೀಕಗಳ ಅಭಯಾರಣ್ಯ. ಯೋಜನೆ ವಿರೋಧಿಸುವವರ ಕೈಲೇ ಅದರ ಪರ ವಾದ ಹೇಳಿಸಿ, ಪರ ಇರುವವರ ಕೈಲಿ ವಿರೋಧ ಹೇಳಿಸಿ. ಮೊದಮೊದಲು ಮುಖ ಗಂಟಿಕ್ಕುತ್ತಾರೆ, ಆದರೂ ಹೇಳಿಸಿ. ಪೇಪರಿನಲ್ಲಿ ‘ಎನ್ನಲಾಗಿದೆ’, ‘ಮೂಲಗಳು ತಿಳಿಸಿವೆ’ ಅಂತ ಇರುವ ಕಡೆಯೆಲ್ಲ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯಿರಿ. ಆ ಮಾತುಗಳ ಮೇಲೆ ವಾದ ಬೇಡ.

ಆಮೇಲೆ ಪೆಟ್ಟು ತಿಂದವರ ಮಾತು ಕೇಳಿ. 1964ರಲ್ಲಿ ಇದೇ ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಮುಳುಗಡೆಯಾಗಿ ಎದ್ದು ಬಂದ ಎಷ್ಟೋ ಕುಟುಂಬಗಳ ಜಮೀನಿನ ಹಕ್ಕಿನ ಸಮಸ್ಯೆ ಇನ್ನೂ ಬಗೆಹರಿದಿಲ್ಲ. ಅಂಥ ಮನೆಯ ಹಿರಿಯರು ಸಿಕ್ಕರೆ ಕರೆದು ಕೂರಿಸಿ, ಅವರು ನಮ್ಮ ಚರ್ಚಿನವರೇ ಆಗಬೇಕು ಅಂತೇನಿಲ್ಲ. ಮಧ್ಯೆ ಬಾಯಿ ಹಾಕಬೇಡಿ.

ಈಗ ಬೈಬಲ್ ತೆಗೆಯಿರಿ. 1 ಅರಸುಗಳು 21, ನಾಬೋತನ ದ್ರಾಕ್ಷಾತೋಟ. ಅಹಾಬ ರಾಜ ಶುರುವಿನಲ್ಲಿ ದರ್ಪ ತೋರಿಸುವುದಿಲ್ಲ, ಇದಕ್ಕಿಂತ ಒಳ್ಳೆ ತೋಟ ಕೊಡುತ್ತೇನೆ, ಬೇಡವಾದರೆ ಬೆಲೆ ಕೊಡುತ್ತೇನೆ ಅನ್ನುತ್ತಾನೆ. ಪಿತ್ರಾರ್ಜಿತ ಭೂಮಿ, ಕೊಡಲ್ಲ ಅಂತಾನೆ ನಾಬೋತ. ಒಂದೇ ಪ್ರಶ್ನೆ ಕೇಳಿ: ಪರಿಹಾರ ಕೊಡ್ತೀನಿ ಅಂದಮೇಲೆ ರಾಜನ ತಪ್ಪೇನು? ಸುಮ್ನೆ ನೋಡ್ತಾ ಇರಿ, ಅರ್ಧ ಗಂಟೆ ಅದರಲ್ಲೇ ಹೋಗುತ್ತದೆ. ಟೈಮ್ ಇದ್ದರೆ ಪೋಪ್ ಫ್ರಾನ್ಸಿಸ್ 2015ರಲ್ಲಿ ಪರಿಸರದ ಬಗ್ಗೆ ಹೊರಡಿಸಿದ ‘ಲೌದಾತೊ ಸಿ’ ಪತ್ರದಿಂದ ಒಂದು ಪುಟ ಓದಿ.

ಕಥೆಯಲ್ಲಿ ಮುಂದೆ ನಾಬೋತನನ್ನು ಕೊಲ್ಲಿಸುವುದು ಸುಳ್ಳುಸಾಕ್ಷಿ. ಹಾಗಾಗಿ ವಾಟ್ಸಾಪ್ ಫಾರ್ವರ್ಡ್‌ಗಳ ಮಾತೂ ಇಲ್ಲೇ ಬರಲಿ. ಸುಳ್ಳುಸಾಕ್ಷಿ ಹೇಳಬಾರದು ಅನ್ನುವ ಆಜ್ಞೆ ಕಥೋಲಿಕರಿಗೆ ಎಂಟನೆಯದು, ಸಿಎಸ್‌ಐನವರಿಗೆ ಒಂಬತ್ತನೆಯದು, ಪಾಲಿಸುವುದರಲ್ಲಿ ಮಾತ್ರ ಎಲ್ಲರೂ ಒಂದೇ! ಚರ್ಚ್ ಮೇಲೆ ದಾಳಿ ಅಂತ ವಿಡಿಯೋ ಬಂದರೆ ಯಾವ ಊರು, ಯಾವ ವರ್ಷ ಅಂತ ನೋಡಿ. ಗೊತ್ತಾಗದಿದ್ದರೆ ಕಳಿಸಬೇಡಿ, ನಮ್ಮವರ ಪರವಾಗಿದ್ದರೂ.

ಚುನಾವಣೆ ಹೊತ್ತಿನಲ್ಲಿ ಅಭ್ಯರ್ಥಿಗಳನ್ನು ಒಳಗೆ ಬಿಡಬೇಡಿ, ಅಷ್ಟೇ.

ಗಂಟೆ ಆದ ಕೂಡಲೇ ನಿಲ್ಲಿಸಿ. ತೀರ್ಮಾನ ಆಗದಿದ್ದರೂ ಪರವಾಗಿಲ್ಲ, ಕೆಲಸ ಒಂದಾದರೂ ಹುಟ್ಟಲಿ. 2024ರ ಜುಲೈನಲ್ಲಿ ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ ಬಂದಾಗ ಆಕ್ಷೇಪಣೆಗೆ 60 ದಿನ ಕೊಟ್ಟಿದ್ದರು. ಮುಂದೆ ಅಂಥದ್ದು ಬಂದರೆ ಪರವೋ ವಿರೋಧವೋ, ಊರಿನ ಹೆಸರು, ಸರ್ವೆ ನಂಬರ್ ಹಾಕಿ ಅಲ್ಲೇ ಕೂತು ಬರೆದು ಕಳಿಸಿ.