ಎಳೆಯ ಗಾರ್ಡೋ, ದುಬಾರಿ ಅನುಭವಿಯೋ? ಎನ್‌ಬಿಎ ತಂಡದ ಲೆಕ್ಕ ಹಾಕುವ ಬಗೆ

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಜೂನ್ ಮುಗಿಯುವ ಹೊತ್ತಿಗೆ ಅಭಿಮಾನಿಗಳ ನಡುವೆ ಒಂದು ವಾದ ತಪ್ಪದೆ ಏಳುತ್ತದೆ: ಆಟ ಕಟ್ಟುವ ಗಾರ್ಡ್ ಸ್ಥಾನವನ್ನು ಇಪ್ಪತ್ತೆರಡರ ಹುಡುಗನಿಗೆ ಒಪ್ಪಿಸಬೇಕೇ, ಇಲ್ಲವೇ ವರ್ಷಕ್ಕೆ ನಾಲ್ಕು ಕೋಟಿ ಡಾಲರ್ ಸುರಿದು ಪಳಗಿದ ಆಟಗಾರನನ್ನು ತರಬೇಕೇ? ವಾದವೆಲ್ಲ ಸಾಮಾನ್ಯವಾಗಿ ಮೊದಲ ವರ್ಷದ ವೇತನದ ಸುತ್ತಲೇ ಗಿರಕಿ ಹೊಡೆಯುತ್ತದೆ. ಒಪ್ಪಂದದ ಕೊನೆಯ ವರ್ಷ ಹೇಗಿರುತ್ತದೆ, ಸಹಿ ಯಾವ ದಿನ ಬೀಳುತ್ತದೆ ಎಂಬ ಎರಡು ಸಂಗತಿಗಳು ಅದಕ್ಕಿಂತ ಹೆಚ್ಚು ತೂಕದವು ಎಂಬುದು ಈ ಲೇಖಕನ ಅಭಿಪ್ರಾಯ.

ಮೊದಲು ತಂಡದ ಒಟ್ಟು ವೇತನ ಯಾವ ಗೆರೆಯ ಬಳಿ ನಿಂತಿದೆ ಎಂದು ನೋಡಬೇಕು. 2025–26ರ ಋತುವಿಗೆ ಸ್ಯಾಲರಿ ಕ್ಯಾಪ್, ಅಂದರೆ ತಂಡದ ಒಟ್ಟು ವೇತನದ ಮಿತಿ, ಸುಮಾರು 15.46 ಕೋಟಿ ಡಾಲರ್. ಐಷಾರಾಮಿ ತೆರಿಗೆ 18.79 ಕೋಟಿಯಿಂದ ಆರಂಭವಾಗುತ್ತದೆ. ‘ಸೆಕೆಂಡ್ ಏಪ್ರನ್’ ಎಂಬ ಕಠಿಣ ಗೆರೆ 20.78 ಕೋಟಿಯಲ್ಲಿದೆ. ಐಪಿಎಲ್ ಹರಾಜಿನಲ್ಲಿ ಪರ್ಸ್ ಖಾಲಿಯಾದ ತಂಡ ಕೈಕಟ್ಟಿ ಕೂರಬೇಕಾಗುತ್ತದೆ; ಎನ್‌ಬಿಎಯ ಮಿತಿ ಅಷ್ಟು ಬಿಗಿಯಲ್ಲ. ಸಾಮಾನ್ಯವಾಗಿ ಮೂರು ಋತು ತನ್ನಲ್ಲಿ ಆಡಿದವನನ್ನು ಉಳಿಸಿಕೊಳ್ಳಲು ತಂಡವು ಕ್ಯಾಪ್ ದಾಟಿಯೂ ಸಹಿ ಹಾಕಿಸಬಹುದು. ಇದಕ್ಕೆ ‘ಬರ್ಡ್ ಹಕ್ಕು’ ಎನ್ನುತ್ತಾರೆ.

ಎರಡನೆಯದಾಗಿ ಎಳೆಯ ಗಾರ್ಡ್‌ನ ಒಪ್ಪಂದದಲ್ಲಿ ಎಷ್ಟು ವರ್ಷ ಉಳಿದಿದೆ ಎಂದು ಎಣಿಸಬೇಕು. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಆಯ್ಕೆಯಾದವನ ವೇತನ ನಿಗದಿತ ಪಟ್ಟಿಯಂತೆ ನಡೆಯುತ್ತದೆ. ಮೊದಲೆರಡು ವರ್ಷ ಖಾತ್ರಿ, ಮೂರು ಮತ್ತು ನಾಲ್ಕನೆಯ ವರ್ಷ ತಂಡದ ಇಚ್ಛೆ. ನಾಲ್ಕು ವರ್ಷ ಮುಗಿದ ಮೇಲೆ ಬೇರೆ ತಂಡ ಎಷ್ಟೇ ಕೊಡಲು ಬಂದರೂ, ಅಷ್ಟನ್ನೇ ಕೊಟ್ಟು ಅವನನ್ನು ಉಳಿಸಿಕೊಳ್ಳುವ ಅವಕಾಶ ಹಳೆಯ ತಂಡಕ್ಕಿರುತ್ತದೆ.

ಈ ಅವಕಾಶದ ಬೆಲೆ ಎಷ್ಟೆಂಬುದನ್ನು ಫಿಲಡೆಲ್ಫಿಯಾ ತಂಡ ತೋರಿಸಿಕೊಟ್ಟಿತು. 2020ರ ಡ್ರಾಫ್ಟ್‌ನಲ್ಲಿ 21ನೆಯವನಾಗಿ ಬಂದ ಟೈರೀಸ್ ಮ್ಯಾಕ್ಸಿಗೆ ತಂಡವು 2023ರಲ್ಲಿ ಒಪ್ಪಂದ ವಿಸ್ತರಣೆ ಕೊಡಲಿಲ್ಲ. ಅದೇ ಋತುವಿನ ಆರಂಭದಲ್ಲಿ ಹಿರಿಯ ಗಾರ್ಡ್ ಜೇಮ್ಸ್ ಹಾರ್ಡನ್‌ರನ್ನು ಕ್ಲಿಪ್ಪರ್ಸ್ ತಂಡಕ್ಕೆ ಬಿಟ್ಟುಕೊಟ್ಟು, ಬದಲಿಗೆ ಅದೇ ವರ್ಷ ಮುಗಿಯುವ ಒಪ್ಪಂದಗಳನ್ನು ಪಡೆಯಿತು. ಆಟದ ಹೊಣೆ ಹೆಗಲಿಗೆ ಬಿದ್ದ ಮ್ಯಾಕ್ಸಿ ಪಂದ್ಯಕ್ಕೆ ಸರಾಸರಿ 25.9 ಅಂಕ ಗಳಿಸಿ, ಅತಿ ಹೆಚ್ಚು ಸುಧಾರಿಸಿದ ಆಟಗಾರ ಪ್ರಶಸ್ತಿ ಪಡೆದರು. ಆ ವರ್ಷ ಅವರ ವೇತನ ಸುಮಾರು 43 ಲಕ್ಷ ಡಾಲರ್. ಹೊಸ ಸಹಿ ಬೀಳುವವರೆಗೆ ಕ್ಯಾಪ್ ಲೆಕ್ಕದಲ್ಲಿ ಅವರಿಗೆ ಕಾದಿರಿಸಬೇಕಾದ ಮೊತ್ತ, ಅಂದರೆ ‘ಕ್ಯಾಪ್ ಹೋಲ್ಡ್’, ಅದರ ಮೂರು ಪಟ್ಟು: 1.3 ಕೋಟಿ. ಸಹಿ ಬಿದ್ದ ಕೂಡಲೇ ಅದು 3.5 ಕೋಟಿಗೆ ಏರುತ್ತಿತ್ತು. ನಡುವಿನ 2.2 ಕೋಟಿಯನ್ನು ಬಳಸಿಕೊಂಡ ತಂಡವು 2024ರ ಜುಲೈನಲ್ಲಿ ಮೊದಲು ಅನುಭವಿ ಆಟಗಾರ ಪಾಲ್ ಜಾರ್ಜ್‌ರಿಗೆ ನಾಲ್ಕು ವರ್ಷಕ್ಕೆ 21.2 ಕೋಟಿಯ ಒಪ್ಪಂದ ಮಾಡಿಸಿ, ಆ ಬಳಿಕ ಬರ್ಡ್ ಹಕ್ಕಿನಡಿ ಮ್ಯಾಕ್ಸಿಗೆ ಐದು ವರ್ಷಕ್ಕೆ 20.4 ಕೋಟಿ ಕೊಟ್ಟಿತು. ಲೆಕ್ಕದಲ್ಲಿ ಒಂದು ತಪ್ಪೂ ಇರಲಿಲ್ಲ. ಆದರೆ 34ರ ಜಾರ್ಜ್ ಮರು ಋತುವಿನಲ್ಲಿ 41 ಪಂದ್ಯ ಮಾತ್ರ ಆಡಿದರು, ತಂಡದ ತಾರೆ ಜೋಯೆಲ್ ಎಂಬೀಡ್ ಅದರ ಅರ್ಧದಷ್ಟೂ ಆಡಲಿಲ್ಲ, ತಂಡ 82ರಲ್ಲಿ 58 ಪಂದ್ಯ ಸೋತಿತು.

ಎರಡನೆಯ ಸುತ್ತಿನಲ್ಲಿ ಬಂದವನನ್ನು ಕಾಯಿಸುವಾಗ ಮಾತ್ರ ಎಚ್ಚರ ಬೇಕು, ಏಕೆಂದರೆ ಅವನ ಒಪ್ಪಂದ ನಾಲ್ಕು ವರ್ಷದ್ದಾಗಿದ್ದರೆ ಅದು ಮುಗಿದ ದಿನ ಅವನು ಸಂಪೂರ್ಣ ಸ್ವತಂತ್ರ. 2018ರಲ್ಲಿ 33ನೆಯವನಾಗಿ ಆಯ್ಕೆಯಾದ ಜೇಲನ್ ಬ್ರನ್ಸನ್‌ರನ್ನು ಡಲ್ಲಾಸ್ ತಂಡವು ನಾಲ್ಕು ವರ್ಷಕ್ಕೆ ಸುಮಾರು 5.5 ಕೋಟಿ ಡಾಲರ್‌ಗೆ ಕಟ್ಟಿಹಾಕಿಕೊಳ್ಳಬಹುದಾಗಿದ್ದ ಕಾಲವೊಂದಿತ್ತು. 2022ರಲ್ಲಿ ಅವರು 10.4 ಕೋಟಿಗೆ ನ್ಯೂಯಾರ್ಕ್ ನಿಕ್ಸ್ ಸೇರಿದಾಗ ಡಲ್ಲಾಸ್‌ಗೆ ಬದಲಿಗೆ ಏನೂ ದಕ್ಕಲಿಲ್ಲ.

ಮೂರನೆಯ ಹಂತದಲ್ಲಿ ಅನುಭವಿಯ ಒಪ್ಪಂದವನ್ನು ಕೊನೆಯಿಂದ ಹಿಂದಕ್ಕೆ ಓದಬೇಕು. ಹತ್ತು ವರ್ಷ ಆಡಿದವನಿಗೆ ಕ್ಯಾಪ್‌ನ ಶೇ 35ರವರೆಗೆ ಕೊಡಬಹುದು, ಆರು ವರ್ಷದೊಳಗಿನವನಿಗೆ ಸಾಮಾನ್ಯವಾಗಿ ಶೇ 25. ಅಂದರೆ ಕಾಲು ನಿಧಾನವಾಗುವ ವಯಸ್ಸಿನಲ್ಲೇ ವೇತನ ತುತ್ತತುದಿಯಲ್ಲಿರುತ್ತದೆ. ಬ್ರಾಡ್ಲಿ ಬೀಲ್ 2022ರಲ್ಲಿ ವಾಷಿಂಗ್ಟನ್ ಜೊತೆ ಮಾಡಿಕೊಂಡ ಐದು ವರ್ಷದ, 25.1 ಕೋಟಿಯ ಒಪ್ಪಂದದಲ್ಲಿ, ತನ್ನ ಒಪ್ಪಿಗೆಯಿಲ್ಲದೆ ಬೇರೆಡೆಗೆ ಕಳುಹಿಸುವಂತಿಲ್ಲ ಎಂಬ ಷರತ್ತೂ ಸೇರಿತ್ತು. ಮರುವರ್ಷ ಫೀನಿಕ್ಸ್ ಅವರನ್ನು ಷರತ್ತಿನ ಸಮೇತ ತಂದಿತು. ಸೆಕೆಂಡ್ ಏಪ್ರನ್ ದಾಟಿದ ತಂಡ ಇಬ್ಬರ ವೇತನ ಕೂಡಿಸಿ ದೊಡ್ಡ ಆಟಗಾರನೊಬ್ಬನನ್ನು ತರುವಂತಿಲ್ಲವಾದ್ದರಿಂದ ದಾರಿಗಳೆಲ್ಲ ಮುಚ್ಚಿದವು. 2025ರ ಜುಲೈನಲ್ಲಿ ಬೀಲ್‌ರನ್ನು ಬಿಡುಗಡೆ ಮಾಡಿದ ಫೀನಿಕ್ಸ್, ಉಳಿದ ಹಣವನ್ನು ಐದು ವರ್ಷಕ್ಕೆ ಹರಡಿ, ಆಡದ ಆಟಗಾರನ ಹೆಸರಿನಲ್ಲಿ ವರ್ಷಕ್ಕೆ ಸುಮಾರು 1.94 ಕೋಟಿಯನ್ನು ತನ್ನ ಲೆಕ್ಕದಲ್ಲಿ ಹೊತ್ತುಕೊಂಡಿದೆ.

ದುಬಾರಿ ಅನುಭವಿ ಎಂದರೆ ನಷ್ಟವೇ ಎಂದು ಇದರಿಂದ ತೀರ್ಮಾನಿಸಬೇಕಿಲ್ಲ. 2023ರಲ್ಲಿ ಹ್ಯೂಸ್ಟನ್ ತಂಡ ಫ್ರೆಡ್ ವ್ಯಾನ್‌ವ್ಲೀಟ್‌ಗೆ ಮೂರು ವರ್ಷಕ್ಕೆ 12.85 ಕೋಟಿ ಕೊಟ್ಟಾಗ ಅನೇಕರು ಹುಬ್ಬೇರಿಸಿದರು. ಮೊತ್ತ ನಿಜಕ್ಕೂ ಅತಿಯಾಗಿತ್ತು. ಆದರೆ ಮೂರನೆಯ ವರ್ಷ ತಂಡದ ಇಚ್ಛೆಗೆ ಬಿಟ್ಟದ್ದಾಗಿತ್ತು. ಹಿಂದಿನ ಋತುವಿನಲ್ಲಿ 22 ಪಂದ್ಯ ಗೆದ್ದಿದ್ದ ತಂಡ 41 ಗೆದ್ದಿತು, ಮರುವರ್ಷ 52. ಹೊಸ ಕೋಚ್ ಇಮೆ ಉಡೋಕಾ ಅವರ ಪಾಲೂ ಇದರಲ್ಲಿ ದೊಡ್ಡದು. 2025ರಲ್ಲಿ ಆ ಮೂರನೆಯ ವರ್ಷವನ್ನು ಕೈಬಿಟ್ಟ ಹ್ಯೂಸ್ಟನ್, ಅದೇ ಆಟಗಾರನನ್ನು ಎರಡು ವರ್ಷಕ್ಕೆ 5 ಕೋಟಿಗೆ ಉಳಿಸಿಕೊಂಡಿತು.

ಹಣದ ಲೆಕ್ಕ ಮುಗಿದ ಮೇಲಷ್ಟೇ ಅಂಕಣದ ಲೆಕ್ಕ. ಎಳೆಯ ಗಾರ್ಡ್‌ನ ಅಂಕಗಳಿಗೆ ಮರುಳಾಗದೆ, ಅಸಿಸ್ಟ್‌ಗಳಿಗೆ (ಬುಟ್ಟಿಗೆ ದಾರಿ ಮಾಡಿಕೊಟ್ಟ ಪಾಸ್‌ಗಳಿಗೆ) ಹೋಲಿಸಿದರೆ ಟರ್ನೋವರ್ (ಚೆಂಡನ್ನು ಎದುರಾಳಿಗೆ ಕಳೆದುಕೊಂಡದ್ದು) ಎಷ್ಟು, ಪ್ಲೇಆಫ್‌ನಲ್ಲಿ ಎದುರಾಳಿ ಬೇಕೆಂದೇ ಅವನ ಮೇಲೆ ದಾಳಿ ಮಾಡಿದಾಗ ರಕ್ಷಣೆ ನಿಲ್ಲುತ್ತದೆಯೇ ಎಂದು ನೋಡಬೇಕು. ಅನುಭವಿಯ ವಿಷಯದಲ್ಲಿ ಹಿಂದಿನ ಮೂರು ಋತುಗಳಲ್ಲಿ ಆಡಿದ ಪಂದ್ಯಗಳನ್ನು ಎಣಿಸಿದರೆ ಬಹಳಷ್ಟು ತಿಳಿಯುತ್ತದೆ. ಇಬ್ಬರೂ ಸಮಬಲರೆಂದು ಕಂಡರೆ ಎಳೆಯನನ್ನೇ ಇಟ್ಟುಕೊಂಡು, ಅನುಭವಿಗೆ ಎರಡು ವರ್ಷ ಮೀರದ ಒಪ್ಪಂದವನ್ನು ಮುಂದಿಡುವುದು ಲೇಸು. ಅದಕ್ಕೆ ಅವನು ಒಪ್ಪದಿದ್ದರೆ ಬೇರೆ ತಂಡ ಅವನಿಗೆ ನಾಲ್ಕು ವರ್ಷ ಕೊಡಲಿ ಎಂದು ಬಿಟ್ಟುಬಿಡಬಹುದು.