ಪಡಸಾಲೆಗೊಂದು ಕಟ್ಟಿಗೆ ಗೋಡೆ: ಎಷ್ಟು ಕಟ್ಟಿಗೆ ತರಬೇಕು?

ಧಾರವಾಡದ ಹಳೇ ಮನೆಗಳಲ್ಲಿ ಪಡಸಾಲೆ ಉದ್ದಕ್ಕೆ ಇರುತ್ತದೆ. ಮಕ್ಕಳು ದೊಡ್ಡವರಾದರು ಅಂದರೆ ನಡುವೆ ಒಂದು ಗೋಡೆ ಹಾಕಿ ಕೋಣೆ ಮಾಡೋಣ ಅನ್ನಿಸುತ್ತದೆ. ಇಟ್ಟಿಗೆ ಗೋಡೆ ಅಂದರೆ ಭಾರ, ಧೂಳು, ನೀರು. ಕಟ್ಟಿಗೆ ಪಟ್ಟಿ ನಿಲ್ಲಿಸಿ ಎರಡೂ ಕಡೆ ಪ್ಲೈವುಡ್ ಹೊಡೆಸಿದರೆ ಕೆಲಸ ಬೇಗ ಮುಗಿಯುತ್ತದೆ. ಆದರೆ ಸಾಮಿಲ್‌ಗೆ ಹೋಗುವ ಮೊದಲು ಲೆಕ್ಕ ಹಾಕಿಕೊಳ್ಳಿ. ಒಟ್ಟು ಎಷ್ಟು ಅಡಿ ಅನ್ನೋದಷ್ಟೇ ಸಾಲದು, ಯಾವ ಉದ್ದದ್ದು ಎಷ್ಟು ಅನ್ನೋದು ಬೇಕು.

ನಾನು ಮೊದಲ ಸಲ ಸುಮ್ನೆ 150 ಅಡಿ ಕೊಡಿ ಅಂದೆ. ಬಂದದ್ದೆಲ್ಲ 7 ಅಡಿಯ ಪಟ್ಟಿ. ಗೋಡೆ 10 ಅಡಿ ಎತ್ತರ, ಹಾಗಾಗಿ ನಿಂತ ಪಟ್ಟಿ ಒಂದೊಂದಕ್ಕೂ ಜೋಡಣೆ ಬಿತ್ತು, ಬಾಗಿಲು ಹಾಕಿದಾಗಲೆಲ್ಲ ಗೋಡೆ ಅದುರುತ್ತಿತ್ತು. ಎಲ್ಲ ಬಿಚ್ಚಿಸಿ ಮತ್ತೆ ಕಟ್ಟಿಸಬೇಕಾಯಿತು.

12 ಅಡಿ ಉದ್ದ, 10 ಅಡಿ ಎತ್ತರದ ಗೋಡೆ, ಅದರಲ್ಲಿ 3 ಅಡಿ ಅಗಲ 7 ಅಡಿ ಎತ್ತರದ ಬಾಗಿಲು ಅಂತ ಇಟ್ಟುಕೊಳ್ಳಿ. ಪಟ್ಟಿ 3 ಇಂಚು ಅಗಲ, 2 ಇಂಚು ದಪ್ಪ.

ಮೊದಲು ನಿಲ್ಲುವ ಪಟ್ಟಿ ಎಣಿಸಿ. ಪ್ಲೈವುಡ್ ಹಾಳೆ 4 ಅಡಿ ಅಗಲ, 8 ಅಡಿ ಎತ್ತರ. 2 ಅಡಿಗೊಂದು ಪಟ್ಟಿ ನಿಲ್ಲಿಸಿದರೆ ಹಾಳೆಯ ಅಂಚು ಸರಿಯಾಗಿ ಪಟ್ಟಿಯ ಮೇಲೇ ಕೂರುತ್ತದೆ. 12ನ್ನು 2ರಿಂದ ಭಾಗಿಸಿದರೆ 6, ಕೊನೆಯದೊಂದು ಸೇರಿ 7. ಬಾಗಿಲಿನ ಎರಡೂ ಬದಿಗೆ ಇನ್ನೆರಡು. ಬಾಗಿಲಿನ ಜಾಗದಲ್ಲಿ ಬರುವ ಪಟ್ಟಿಯನ್ನು ಲೆಕ್ಕದಿಂದ ಕಳೆಯಬೇಡಿ, ಬಾಗಿಲ ತಲೆಯ ಮೇಲಿನ ಅಡ್ಡ ತುಂಡು ಅದರಲ್ಲೇ ಬರುತ್ತದೆ. ಒಟ್ಟು 9 ಪಟ್ಟಿ, 90 ಅಡಿ.

ಅಡ್ಡ ಪಟ್ಟಿ ಮೇಲೆ 12 ಅಡಿ, ಕೆಳಗೆ ಬಾಗಿಲು ಬಿಟ್ಟು 9 ಅಡಿ. 4 ಅಡಿ ಎತ್ತರದಲ್ಲಿ ಒಂದು ಸಾಲು 9 ಅಡಿ, 8 ಅಡಿ ಎತ್ತರದಲ್ಲಿ ಇನ್ನೊಂದು 12 ಅಡಿ. ಈ ಮೇಲಿನ ಸಾಲನ್ನು ಜಾಸ್ತಿ ಜನ ಮರೆಯುತ್ತಾರೆ. ಹಾಳೆ ಅಲ್ಲಿಗೆ ಮುಗಿಯುತ್ತದೆ ಅಲ್ವಾ, ಹಿಂದೆ ಪಟ್ಟಿ ಇಲ್ಲದಿದ್ದರೆ ಮೊಳೆ ಹೊಡೆಯುವುದು ಯಾವುದಕ್ಕೆ? ಇವೆಲ್ಲ ಸೇರಿ 42 ಅಡಿ.

90ಕ್ಕೆ 42 ಕೂಡಿಸಿದರೆ 132. ಗಂಟು, ಸೀಳು, ಕೊಯ್ಯುವಾಗ ಹೋಗುವುದು ಅಂತ ನೂರಕ್ಕೆ 10 ಸೇರಿಸಿ, 145 ಅಡಿ. ಸಾಮಿಲ್‌ನಲ್ಲಿ ದರ ಘನ ಅಡಿಗೆ ಹೇಳುತ್ತಾರೆ. ಅಗಲದ ಇಂಚು, ದಪ್ಪದ ಇಂಚು, ಉದ್ದದ ಅಡಿ ಮೂರನ್ನೂ ಗುಣಿಸಿ 144ರಿಂದ ಭಾಗಿಸಿ. 3, 2, 145 ಗುಣಿಸಿದರೆ 870, ಭಾಗಿಸಿದರೆ 6 ಘನ ಅಡಿಗೆ ಸ್ವಲ್ಪ ಜಾಸ್ತಿ.

ಚೀಟಿಯಲ್ಲಿ ಮಾತ್ರ ಹೀಗೆ ಬರೆಯಿರಿ: 12 ಅಡಿಯದು 1, 10 ಅಡಿಯದು 10, ಉಳಿದದ್ದು ಯಾವ ಉದ್ದವಾದರೂ ನಡೆಯುತ್ತದೆ. ಯಾಕೆಂದರೆ ನಡುವಿನ ಸಾಲುಗಳಿಗೆ ಹೇಗೂ ಚಿಕ್ಕ ತುಂಡುಗಳೇ ಬೇಕು.

ಪ್ಲೈವುಡ್ ಎರಡೂ ಕಡೆಗೆ ಸೇರಿ 7 ಹಾಳೆ ಸಾಕು, ಬಾಗಿಲಿಗೆ ಕತ್ತರಿಸಿದ ತುಂಡನ್ನು ಮೇಲಿನ 2 ಅಡಿಗೆ ಬಳಸಿಕೊಂಡರೆ.

ದಾಂಡೇಲಿ ಕಡೆಯ ಸಾಗವಾನಿ ಬಾಗಿಲಿನ ಚೌಕಟ್ಟಿಗೆ ಇರಲಿ, ಒಳಗಿನ ಪಟ್ಟಿಗೆ ಚೆನ್ನಾಗಿ ಒಣಗಿದ ಕಾಡು ಕಟ್ಟಿಗೆ ಸಾಕು. ಮಳೆಗಾಲದಲ್ಲಿ ಹಸಿ ಕಟ್ಟಿಗೆ ತಂದರೆ ಏಪ್ರಿಲ್ ಬಿಸಿಲಿಗೆ ಡೊಂಕಾಗುತ್ತದೆ. ಒಂದು ತುದಿಗೆ ಕಣ್ಣಿಟ್ಟು ಉದ್ದಕ್ಕೂ ನೋಡಿ, ನೇರ ಇದ್ದದ್ದನ್ನೇ ಆರಿಸಿ. ನೆಲಕ್ಕೆ ತಾಗುವ ಪಟ್ಟಿಗೆ ಕೂರಿಸುವ ಮೊದಲೇ ಗೆದ್ದಲಿನ ಔಷಧಿ ಹಚ್ಚಿಸಿ, ಆಮೇಲೆ ಅದರ ಅಡಿಗೆ ಕೈ ಹೋಗುವುದಿಲ್ಲ.