ಟೇಕಡಿಯ ಮೇಲೆ ಜಪಕ್ಕೆ ಕೂರುವುದು

ಪುಣೆಯ ವೇತಾಳ ಟೇಕಡಿ ಎಂಬ ಗುಡ್ಡ ಹತ್ತುವವರಲ್ಲಿ ಹೆಚ್ಚಿನವರು ವಾಕಿಂಗಿನವರು. ನಾನು ಹತ್ತುವುದು ಕೂರಲಿಕ್ಕೆ. ಮನೆಯ ದೇವರ ಮುಂದೆ ಕೂತರೆ ಬೇಡಿಕೆಗಳೇ ಸಾಲುಗಟ್ಟಿ ಬರುತ್ತವೆ. ಟೇಕಡಿಯಲ್ಲಿ ಮೊದಲು ಕಿವಿ ತೆರೆಯುತ್ತದೆ, ಬಾಯಿ ಆಮೇಲೆ.

ಸೂರ್ಯ ಹುಟ್ಟುವ ಹೊತ್ತಿಗೆ ಕೂತಿದ್ದರೆ ಒಳ್ಳೆಯದು. ಜನವರಿಯಲ್ಲಿ ಅದು 7 ದಾಟಿದ ಮೇಲೆ, ಮೇ ಕೊನೆಗೆ 6ರ ಆಸುಪಾಸು. ಪೂರ್ತಿ ಕತ್ತಲಲ್ಲಿ ಹತ್ತುವುದು ಬೇಡ. ಜಾಗ ಹಾದಿಯಿಂದ ಹತ್ತು ಹೆಜ್ಜೆ ಒಳಗಿರಲಿ, ಆದರೆ ಓಡಾಡುವವರ ಕಣ್ಣಿಗೆ ಬೀಳುವಂತಿರಲಿ. ಕಲ್ಲಿನ ಸಂದಿಗೆ ಕೈ ಹಾಕಬೇಡಿ, ಫುರಸೆ ಎಂಬ ವಿಷದ ಹಾವು ಇರುವ ಪ್ರದೇಶ ಇದು. ಕೂರುವ ಮೊದಲು ನೆಲ ನೋಡಿ. ಇರುವೆ ಸಾಲಿದ್ದರೆ ಎರಡನೇ ಯೋಚನೆ ಬೇಡ, ಬೇರೆ ಕಡೆ ಹೋಗಿ. ಚಳಿಗಾಲದಲ್ಲಿ ಇಲ್ಲಿನ ಕರಿಗಲ್ಲು ಮೂಳೆಗೆ ಇಳಿಯುವಷ್ಟು ತಣ್ಣಗಿರುತ್ತದೆ, ಬರೀ ಟವೆಲ್ ಸಾಲದು. ಉಣ್ಣೆಯ ಆಸನವನ್ನು ನಾಲ್ಕು ಮಡಿಕೆ ಮಾಡಿ ಪೃಷ್ಠದ ಕೆಳಗೆ ಮಾತ್ರ ಇಡುತ್ತೇನೆ. ಮಂಡಿ ಸೊಂಟಕ್ಕಿಂತ ತಗ್ಗಿದ್ದರೆ ಕಾಲು ಬೇಗ ಜೋಮು ಹಿಡಿಯುವುದಿಲ್ಲ.

ಮೊದಲ ಐದು ನಿಮಿಷ ಮಾಲೆ ಮುಟ್ಟುವುದಿಲ್ಲ. ಕಣ್ಣು ಅರೆಮುಚ್ಚಿ ದೂರದ ಸದ್ದಿನಿಂದ ಹತ್ತಿರಕ್ಕೆ ಬರುತ್ತೇನೆ: ಕೆಳಗಿನ ರಸ್ತೆಯ ಗುಂಯ್‌ಗುಟ್ಟುವಿಕೆ, ನವಿಲಿನ ಕೂಗು, ಗ್ಲಿರಿಸಿಡಿಯಾ ಮರದ ಎಲೆಯ ಸರಸರ, ಕೊನೆಗೆ ನನ್ನದೇ ಉಸಿರು. ಹಕ್ಕಿಯ ಹೆಸರು ಹುಡುಕಲು ಹೊರಟರೆ ಜಪ ಅಲ್ಲಿಗೆ ಮುಗಿಯಿತು. ಮಳೆಗಾಲದ ಶುರುವಿನಲ್ಲಿ ನವರಂಗ ಹಕ್ಕಿ ಬರುತ್ತದೆ, ಅದರ ಹಿಂದೆ ಉದ್ದ ಲೆನ್ಸಿನವರೂ ಬರುತ್ತಾರೆ. ಆಗ ಅವರಿಲ್ಲದ ಇಳಿಜಾರು ನೋಡಿಕೊಳ್ಳಬೇಕು.

ಆಮೇಲೆ ನಾಮ, ಒಂದು ಉಸಿರಿಗೆ ಒಂದೇ. ಉಸಿರನ್ನು ಎಳೆದದ್ದಕ್ಕಿಂತ ನಿಧಾನವಾಗಿ ಬಿಟ್ಟರೆ 108 ಮಣಿಗೆ ಹದಿನೈದು ನಿಮಿಷದ ಮೇಲೇ ಹಿಡಿಯುತ್ತದೆ. ಐದು ನಿಮಿಷಕ್ಕೇ ಮಾಲೆಯ ಕೊನೆ ತೋರಿಸುವ ಮೇರುಮಣಿ ಬಂತೆಂದರೆ ಮಣಿ ಎಣಿಸಿದ್ದೀರಿ, ಅಷ್ಟೇ.

ಮಾಲೆ ಮುಗಿದೊಡನೆ ಎದ್ದುಬಿಡುವುದೇ ಸಾಮಾನ್ಯ ತಪ್ಪು. ನನ್ನ ಮಟ್ಟಿಗೆ ದೇವರಿಗೆ ಹತ್ತಿರವಾಗುವುದು ಅದರ ನಂತರದ ಹತ್ತು ನಿಮಿಷದಲ್ಲಿ, ನಾಮ ತಾನಾಗಿ ನಿಂತು ಕೇಳುವುದು ಮಾತ್ರ ಉಳಿದಾಗ. ಬೆಳಕು ಕಾಣಬೇಕು, ಮೈ ನಡುಗಬೇಕು ಎಂದು ಕಾಯುತ್ತಾ ಕೂತರೆ ಆ ಕಾಯುವಿಕೆಯೇ ಗದ್ದಲ. ತೂಕಡಿಕೆ ಬಂದರೆ ಕಣ್ಣು ಬಿಟ್ಟು ಒಂದೇ ಹುಲ್ಲೆಸಳನ್ನು ನೋಡಿ. ನವೆಂಬರಿನಲ್ಲಾದರೆ ಅದರ ತುದಿಯ ಇಬ್ಬನಿ ಬಿಸಿಲು ತಾಗಿದಂತೆ ಸಣ್ಣಗಾಗಿ ಆರುತ್ತದೆ, ಅಷ್ಟರಲ್ಲಿ ನಿದ್ದೆ ಹೋಗಿರುತ್ತದೆ. ಬೇಡಿಕೊಳ್ಳಲೇಬೇಕೆಂದರೆ ಕೊನೆಯಲ್ಲಿ, ಒಂದೇ ಒಂದು.

ಊದುಬತ್ತಿ, ಕರ್ಪೂರ ತರಬೇಡಿ. ಫೆಬ್ರವರಿಯಿಂದ ಹುಲ್ಲು ಒಣಗಿ ನಿಂತಿರುತ್ತದೆ, ಒಂದು ಕಿಡಿ ಸಾಕು. ಫೋನು ಏರ್‌ಪ್ಲೇನ್ ಮೋಡಿನಲ್ಲಿರಲಿ, ಟೈಮರ್ ಮಾತ್ರ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಂಡೆಯ ಮೇಲೆ ಪಾಚಿ ಜಾರುತ್ತದೆ; ಜೋರು ಮಳೆಯ ದಿನ, ಹಾಗೆಯೇ ಜಾತ್ರೆಯಂತಾಗುವ ಭಾನುವಾರ, ಬಾಲ್ಕನಿಯ ತುಳಸಿ ಎದುರು ಇದೇ ಕ್ರಮ ನಡೆಯುತ್ತದೆ. ಅಲ್ಲಿ ಕಿವಿ ತೆರೆಯಲು ಐದು ನಿಮಿಷ ಸಾಲದು, ಹತ್ತಾದರೂ ಕೊಡಬೇಕು.